ಅಪ್ಪನ ಮುಖ ಉದ್ದವಾದದ್ದು ಏಕೆ? ಹಳೆಯ ಕ್ಯಾಮ್‌ಕಾರ್ಡರ್ ವಿಡಿಯೊಗಳನ್ನು ಮನೆಯಲ್ಲೇ ಎಡಿಟ್ ಮಾಡುವ ಬಗ್ಗೆ

ಪ್ರಶ್ನೆ: ಸರ್, ಬರುವ ಮಾಘದಲ್ಲಿ ಅಪ್ಪನ ಸಹಸ್ರ ಚಂದ್ರ ದರ್ಶನ ಶಾಂತಿ ಇಟ್ಟುಕೊಂಡಿದ್ದೇವೆ. ಹಳೆಯ ವಿಡಿಯೊಗಳನ್ನೆಲ್ಲ ಸೇರಿಸಿ ಅವತ್ತು ತೋರಿಸಲು 40 ನಿಮಿಷದ್ದೊಂದು ಚಿತ್ರ ಮಾಡಬೇಕೆಂದಿದ್ದೇನೆ. ನನ್ನ ಹತ್ತಿರ ಇರುವುದು ಒಂದು ಗಂಟೆಯ 14 ಮಿನಿ ಡಿವಿ ಟೇಪು (2003ರಿಂದ 2007ರವರೆಗಿನವು), 2008ರಲ್ಲಿ ಕೊಂಡ ಹಾರ್ಡ್ ಡಿಸ್ಕ್ ಕ್ಯಾಮ್‌ಕಾರ್ಡರಿನ ಎಂಓಡಿ ಫೈಲುಗಳು, ನ್ಯೂಜೆರ್ಸಿಯಲ್ಲಿರುವ ತಮ್ಮ ಕಳಿಸಿದ ಎಂಟಿಎಸ್ ಫೈಲುಗಳು, ಮತ್ತೆ ಎಲ್ಲರ ಮೊಬೈಲಿನವು. ಎಡಿಟಿಂಗ್ ಸಾಫ್ಟ್‌ವೇರ್ ಅರ್ಧಕ್ಕರ್ಧ ಫೈಲುಗಳನ್ನು ತೆರೆಯಲೇ ಇಲ್ಲ. ಕೆಲವಕ್ಕೆ ಚಿತ್ರ ಬಂತು, ದನಿ ಬರಲಿಲ್ಲ. ಅದಕ್ಕೆ ಒಂದು ಉಚಿತ ಕನ್ವರ್ಟರ್ ಇಳಿಸಿಕೊಂಡು ಎಲ್ಲವನ್ನೂ ಎಂಪಿ4 ಮಾಡಿದೆ. ಈಗ ಅಪ್ಪ ಅಮ್ಮನ ಮುಖ ಸೋರೆಕಾಯಿಯ ಹಾಗೆ ಉದ್ದವಾಗಿದೆ, ಯಾರಾದರೂ ಕೈ ಆಡಿಸಿದರೆ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುತ್ತದೆ, ಮೊಬೈಲಿನ ವಿಡಿಯೊದಲ್ಲಿ ತುಟಿಗೂ ಮಾತಿಗೂ ಹೊಂದುವುದಿಲ್ಲ. ಟೇಪಿನ ಕ್ಯಾಮೆರಾವನ್ನು ಯುಎಸ್‌ಬಿಗೆ ಸಿಕ್ಕಿಸಿದರೆ ಹಳೆಯ ನಾಲ್ಕು ಫೋಟೊ ಬಿಟ್ಟು ಬೇರೇನೂ ಬರುತ್ತಿಲ್ಲ. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, ಐ5, 8 ಜಿಬಿ ರ‍್ಯಾಮ್, ವಿಂಡೋಸ್ 10. ಹೊಸ ಕಂಪ್ಯೂಟರ್ ಕೊಳ್ಳಬೇಕೆ? ಡಿಸ್ಕ್ ತುಂಬಿದೆ, ಎಂಪಿ4 ಆಗಿರುವುದರಿಂದ ಮೂಲ ಫೈಲುಗಳನ್ನು ಅಳಿಸಬಹುದೆ?
— ಓದುಗರು, ತೀರ್ಥಹಳ್ಳಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಳಿಸಬೇಡಿ. ಒಂದೇ ಒಂದು ಮೂಲ ಫೈಲನ್ನೂ ಅಳಿಸಬೇಡಿ. ಜಾಗ ಬೇಕಿದ್ದರೆ ಕನ್ವರ್ಟರ್ ಹುಟ್ಟಿಸಿದ ಎಂಪಿ4ಗಳನ್ನು ಅಳಿಸಿ. ನಿಮ್ಮ ವಿಡಿಯೊಗಳು ಕೆಟ್ಟಿಲ್ಲ. ಕೆಟ್ಟಿರುವುದು ಪರಿವರ್ತನೆಯಾದ ಪ್ರತಿಗಳು ಮಾತ್ರ. ಎರಡು ಬಗೆಯ ಫೈಲು ತೆರೆಯಲಿಲ್ಲವೆಂದು ಎಲ್ಲವನ್ನೂ ಕನ್ವರ್ಟರಿಗೆ ಹಾಕಿದ್ದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಬೇಸರ ಮಾಡಿಕೊಳ್ಳಬೇಡಿ, ಮದುವೆ ವಿಡಿಯೊ ಎಡಿಟಿಂಗ್ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಇದನ್ನೇ ಮಾಡಿದ್ದೆ, ಅದೂ ಇನ್ನೊಬ್ಬರ ಮಗಳ ಮದುವೆಗೆ.

ಫೈಲಿನ ಹೆಸರಿನ ಬಾಲದಲ್ಲಿರುವ ಮೂರಕ್ಷರವನ್ನು ಬಹಳ ಜನ ವಿಡಿಯೊದ ಜಾತಿ ಎಂದುಕೊಳ್ಳುತ್ತಾರೆ. ಅದು ಡಬ್ಬಿಯ ಮೇಲಿನ ಚೀಟಿ, ಅಷ್ಟೇ. ನಮ್ಮ ಮನೆಗಳಲ್ಲಿ ಬೋರ್ನ್‌ವಿಟಾ ಡಬ್ಬಿಯಲ್ಲಿ ಸಾಸಿವೆ ಇರುವುದಿಲ್ಲವೆ, ಹಾಗೆ. ನಿಮ್ಮ ಎಂಓಡಿ ಫೈಲಿನೊಳಗೆ ಇರುವುದು ಎಂಪೆಗ್-2 (ವಿಡಿಯೊವನ್ನು ಒತ್ತಿ ಚಿಕ್ಕದು ಮಾಡುವ ಒಂದು ಪದ್ಧತಿ) ಚಿತ್ರ, ಜೊತೆಗೆ ಸಾಮಾನ್ಯವಾಗಿ ಡಾಲ್ಬಿಯ ಎಸಿ-3 ದನಿ. ಅಂದರೆ ಡಿವಿಡಿಯಲ್ಲಿ ಇರುವುದೇ. ತಮ್ಮನ ಎಂಟಿಎಸ್ ಫೈಲಿನೊಳಗೆ ಇರುವುದು ಎಚ್.264 ಎಂಬ ಇನ್ನೊಂದು ಪದ್ಧತಿಯ ಚಿತ್ರ, ನಿಮ್ಮ ಹೆಚ್ಚಿನ ಮೊಬೈಲ್ ಎಂಪಿ4ಗಳೊಳಗೆ ಇರುವುದೂ ಅದೇ. ಚೀಟಿ ಮಾತ್ರ ಬೇರೆ. ಎಂಓಡಿ ಎಂಬ ಚೀಟಿಯಂತೂ ಇನ್ನೂ ತಮಾಷೆ: ಕ್ಯಾಮ್‌ಕಾರ್ಡರ್‌ಗಳು ಬರುವ ಎಷ್ಟೋ ಮೊದಲೇ ಅಮಿಗಾ ಕಂಪ್ಯೂಟರುಗಳಲ್ಲಿ ಅದೇ ಬಾಲದ ಸಂಗೀತದ ಫೈಲುಗಳಿದ್ದವು. ಹಾಗಾಗಿ ಕೆಲವು ಪ್ಲೇಯರ್‌ಗಳು ನಿಮ್ಮ ಮನೆಯ ಗೃಹಪ್ರವೇಶವನ್ನು ಹಾಡೆಂದು ತಿಳಿದು ತೆರೆಯಲು ಹೋಗಿ ಸೋಲುತ್ತವೆ. ಬಾಲವನ್ನು ಎಂಪಿಜಿ ಎಂದು ಬದಲಿಸಿದರೆ ಎಷ್ಟೋ ಕಡೆ ಫೈಲು ತಕ್ಷಣ ತೆರೆದುಕೊಳ್ಳುತ್ತದೆ. ಒಳಗಿನ ಪದಾರ್ಥಕ್ಕೆ ಏನೂ ಆಗುವುದಿಲ್ಲ.

ಚಿತ್ರ ಬಂದು ದನಿ ಬರದಿದ್ದದ್ದಕ್ಕೆ ಬಹುಮಟ್ಟಿಗೆ ಕಾರಣ ಆ ಎಸಿ-3. ಎಂಪೆಗ್-2 ಮತ್ತು ಎಸಿ-3 ಎರಡನ್ನೂ ಬಿಡಿಸಿ ಓದಲು ಸಾಫ್ಟ್‌ವೇರ್ ಕಂಪನಿಗಳು ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಅಗ್ಗದ ಅಥವಾ ಬಿಟ್ಟಿ ಎಡಿಟರ್‌ಗಳು ಅದನ್ನು ಕಟ್ಟದೆ ಆ ಭಾಗವನ್ನೇ ಬಿಟ್ಟುಬಿಡುತ್ತಿದ್ದವು. ಅಮೆರಿಕದಲ್ಲಿ ಎಂಪೆಗ್-2ರ ಕೊನೆಯ ಪೇಟೆಂಟ್ ಮುಗಿದದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಈ ಕ್ಯಾಮೆರಾಗಳೇ ಅಟ್ಟ ಸೇರಿದ್ದವು. ಅಂತೂ ನಿಮ್ಮ ತೊಂದರೆಯ ಬೇರು ವಿಡಿಯೊದಲ್ಲಿಲ್ಲ, ಎಡಿಟರಿನಲ್ಲಿದೆ. ಎಡಿಟರನ್ನು ಬದಲಿಸಿ.

ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಹಾಕಿಕೊಳ್ಳಿ. ಎರಡೂ ಉಚಿತ, ಎರಡೂ ಮುಕ್ತ ತಂತ್ರಾಂಶ. ಇವುಗಳ ಹೊಟ್ಟೆಯೊಳಗೆ ಎಫ್‌ಎಫ್‌ಎಂಪೆಗ್ ಎಂಬ ಯಂತ್ರ ಕೂತಿದೆ. ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಶುರು ಮಾಡಿದ ಈ ಯಂತ್ರ ಓದದ ವಿಡಿಯೊ ಸಿಗುವುದು ಕಷ್ಟ. ವಿಂಡೋಸ್‌ನಲ್ಲಿ ಯಾವ ಕೊಡೆಕ್ (ಒತ್ತಿಟ್ಟ ವಿಡಿಯೊವನ್ನು ಬಿಡಿಸಿ ಓದುವ ತಂತ್ರಾಂಶ) ಇದೆ, ಯಾವುದು ಇಲ್ಲ ಎಂಬುದರ ಗೊಡವೆಯೇ ಇವುಗಳಿಗಿಲ್ಲ, ಬುತ್ತಿ ಕಟ್ಟಿಕೊಂಡೇ ಬರುತ್ತವೆ. ಹಳೆಯ ವಿಂಡೋಸ್ ಮೂವೀ ಮೇಕರ್ ಹುಡುಕಲು ಹೋಗಬೇಡಿ, ಮೈಕ್ರೋಸಾಫ್ಟ್ 2017ರ ಜನವರಿಯಲ್ಲಿ ಅದರ ಬಾಗಿಲು ಹಾಕಿತು. ಈಗ ಆ ಹೆಸರಿನಲ್ಲಿ ಸಿಗುವುದರಲ್ಲಿ ಎಷ್ಟೋ ನಕಲಿ. ಡಾವಿಂಚಿ ರಿಸಾಲ್ವ್ ಬಹಳ ದೊಡ್ಡ ಸಾಮಾನು, ಅದರ ಉಚಿತ ಆವೃತ್ತಿಯೂ ಚೆನ್ನಾಗಿದೆ. ಆದರೆ 8 ಜಿಬಿ ರ‍್ಯಾಮಿನಲ್ಲಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ಅದು ನಿಮ್ಮ ಪ್ರಾಣ ತಿನ್ನುತ್ತದೆ. ‘ಕೊಡೆಕ್ ಪ್ಯಾಕ್’ ಎಂದು ಕಂಡಕಂಡಲ್ಲಿ ಸಿಗುವುದನ್ನು ಇಳಿಸಿಕೊಳ್ಳುವುದಂತೂ ಬೇಡವೇ ಬೇಡ. ವೈರಸ್ ಹಂಚುವವರಿಗೆ ಅದು ಅಚ್ಚುಮೆಚ್ಚಿನ ವೇಷ.

ಇನ್ನೊಂದು ಪುಟ್ಟ ಸಾಫ್ಟ್‌ವೇರ್ ಬೇಕು, ಮೀಡಿಯಾಇನ್ಫೊ. ಇದು ಡಬ್ಬಿಯ ಮುಚ್ಚಳ ತೆಗೆದು ಒಳಗೇನಿದೆ ಎಂದು ಹೇಳುತ್ತದೆ, ಬೇರೇನೂ ಮಾಡುವುದಿಲ್ಲ. ಪ್ರತಿ ಬಗೆಯ ಒಂದೊಂದು ಫೈಲನ್ನು ಇದಕ್ಕೆ ತೋರಿಸಿ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಚಿತ್ರದ ಅಗಲ ಎತ್ತರದ ಅನುಪಾತ, ಇಂಟರ್ಲೇಸ್ಡ್ (ಬೆಸ ಸಾಲು, ಸಮ ಸಾಲು ಬೇರೆಬೇರೆಯಾಗಿ ಬರೆದದ್ದು) ಹೌದೋ ಅಲ್ಲವೋ, ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ), ಆ ಫ್ರೇಮ್ ರೇಟ್ ಸ್ಥಿರವೋ ಏರುಪೇರೋ. ನೀವು ಹೇಳಿದ ಮೂರೂ ಕಾಯಿಲೆಯ ಮೂಲ ಈ ನಾಲ್ಕರಲ್ಲೇ ಇದೆ.

ಉದ್ದ ಮುಖದಿಂದ ಶುರು ಮಾಡೋಣ. ನಮ್ಮ ಪ್ಯಾಲ್ ಎಂಬ ಟಿವಿ ಪದ್ಧತಿಯ ಹಳೆಯ ವಿಡಿಯೊ ಸಾಮಾನ್ಯವಾಗಿ 720 ಚುಕ್ಕೆ ಅಗಲ, 576 ಸಾಲು ಎತ್ತರ. ಟಿವಿಯ ಹಳೆಯ 4:3 ಆಕಾರಕ್ಕೂ ಅಷ್ಟೇ, ಅಗಲ ಪರದೆಯ 16:9ಕ್ಕೂ ಅಷ್ಟೇ. ಅಗಲ ಚಿತ್ರವನ್ನು ಒತ್ತಿ ಅದೇ ಅಳತೆಯಲ್ಲಿ ತುರುಕಿ, ‘ತೋರಿಸುವಾಗ ಹಿಗ್ಗಿಸಿ’ ಎಂದು ಒಂದು ಗುರುತು ಹಾಕಿಡುತ್ತಾರೆ. ಎಂಓಡಿ ಕ್ಯಾಮೆರಾಗಳ ಕಿತಾಪತಿ ಏನೆಂದರೆ, ಎಷ್ಟೋ ಮಾದರಿಗಳು ಆ ಗುರುತನ್ನು ವಿಡಿಯೊ ಫೈಲಿನೊಳಗೆ ಹಾಕದೆ ಪಕ್ಕದಲ್ಲಿರುವ ಎಂಓಐ ಎಂಬ ಚಿಕ್ಕ ಫೈಲಿನಲ್ಲಿ ಬರೆದವು. ಕಂಪ್ಯೂಟರಿಗೆ ನಕಲು ಮಾಡುವಾಗ ‘ಇದೇನೋ ಕಸ’ ಎಂದು ಆ ಫೈಲನ್ನು ಎಲ್ಲರೂ ಬಿಟ್ಟುಬರುತ್ತಾರೆ. ನೀವು ಬಿಟ್ಟಿದ್ದರೆ, ಕ್ಯಾಮೆರಾದಲ್ಲಿ ಇನ್ನೂ ಇದ್ದರೆ, ಅದನ್ನೂ ತಂದಿಟ್ಟುಕೊಳ್ಳಿ. ಗುರುತು ಸಿಗದ ಕನ್ವರ್ಟರ್ ಅಗಲ ಚಿತ್ರವನ್ನು 4:3 ಎಂದುಕೊಂಡು ಒತ್ತಿದ ಹಾಗೇ ಬಿಟ್ಟಿದೆ, ಅದಕ್ಕೇ ಸೋರೆಕಾಯಿ. ಪರಿಹಾರ ಅರ್ಧ ನಿಮಿಷದ್ದು: ಶಾಟ್‌ಕಟ್‌ನಲ್ಲಿ ಮೂಲ ಫೈಲನ್ನು ತೆರೆದು, ಪ್ರಾಪರ್ಟೀಸ್ ಫಲಕದಲ್ಲಿ ಅನುಪಾತವನ್ನು 16:9 ಮಾಡಿ. ಅಪ್ಪನ ಮುಖ ಅಪ್ಪನ ಮುಖವೇ ಆಗುತ್ತದೆ. ಟೇಪಿನ ಹಳೆಯ ಭಾಗಗಳು ನಿಜವಾಗಿಯೂ 4:3 ಇರುತ್ತವೆ, ಅವನ್ನು ಹಿಗ್ಗಿಸಬೇಡಿ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಇರಲಿ. ಆ ಕಪ್ಪಿನ ಜಾಗಕ್ಕೆ ಅದೇ ಚಿತ್ರವನ್ನು ಮಸುಕು ಮಾಡಿ ತುಂಬುವ ಚಾಳಿ ಈಗ ಎಲ್ಲೆಲ್ಲೂ ಇದೆ. ನನಗಂತೂ ಅದು ಕನ್ನಡಕ ತೆಗೆದಿಟ್ಟು ನೋಡಿದ ಹಾಗೆ ಕಾಣುತ್ತದೆ.

ಬಾಚಣಿಗೆ ಹಲ್ಲು ಸ್ವಲ್ಪ ಗಂಭೀರ, ಇಲ್ಲಿ ನಿಧಾನವಾಗಿ ಓದಿ. ಹಳೆಯ ಕ್ಯಾಮ್‌ಕಾರ್ಡರ್‌ಗಳು ಹಳೆಯ ಟಿವಿಗಾಗಿ ಹುಟ್ಟಿದವು. ಆ ಟಿವಿ ಸೆಕೆಂಡಿಗೆ 25 ಪೂರ್ತಿ ಚಿತ್ರಗಳ ಬದಲು 50 ಅರ್ಧ ಚಿತ್ರಗಳನ್ನು ತೋರಿಸುತ್ತಿತ್ತು: ಒಮ್ಮೆ ಬೆಸ ಸಾಲುಗಳು, ಇನ್ನೊಮ್ಮೆ ಸಮ ಸಾಲುಗಳು. ಈ ಅರ್ಧಕ್ಕೆ ಫೀಲ್ಡ್ ಎನ್ನುತ್ತಾರೆ. ಎರಡು ಫೀಲ್ಡ್‌ಗಳ ನಡುವೆ ಸೆಕೆಂಡಿನ 50ನೇ ಒಂದು ಭಾಗ ಕಳೆದಿರುತ್ತದೆ, ಅಷ್ಟರಲ್ಲಿ ಬೀಸುವ ಕೈ ಮುಂದೆ ಹೋಗಿರುತ್ತದೆ. ಎರಡನ್ನೂ ಒಟ್ಟಿಗೆ ಹೆಣೆದು ಕಂಪ್ಯೂಟರ್ ಪರದೆಯ ಮೇಲೆ ಇಟ್ಟರೆ ಒಂದು ಸಾಲಿನಲ್ಲಿ ಕೈ ಇಲ್ಲಿ, ಮುಂದಿನ ಸಾಲಿನಲ್ಲಿ ಅಲ್ಲಿ. ಅದೇ ನಿಮಗೆ ಕಂಡ ಹಲ್ಲು. ಮೂಲ ಫೈಲಿನಲ್ಲಿ ಈ ಸಾಲುಗಳು ಬೇರೆಬೇರೆಯಾಗಿಯೇ ಇರುವುದರಿಂದ ಅವನ್ನು ಸರಿಯಾಗಿ ಬಿಡಿಸಬಹುದು. ಇದಕ್ಕೇ ಡಿಇಂಟರ್ಲೇಸ್ ಎಂದು ಹೆಸರು. ಆದರೆ ನಿಮ್ಮ ಕನ್ವರ್ಟರ್ ಬಿಡಿಸದೆಯೇ ಚಿತ್ರದ ಎತ್ತರವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಎಂಪಿ4 ಮಾಡಿದ್ದರೆ, ಬೆಸ ಸಮ ಸಾಲುಗಳು ಒಂದರೊಳಗೊಂದು ಕಲಸಿಹೋಗಿವೆ. ಅಕ್ಕಿ ರಾಗಿ ಬೆರೆತರೆ ಆರಿಸಬಹುದು, ಹಿಟ್ಟು ಮಾಡಿ ಬೆರೆಸಿದ ಮೇಲೆ ಯಾರು ಆರಿಸುತ್ತಾರೆ? ಮೂಲ ಅಳಿಸಬೇಡಿ ಎಂದು ಮೊದಲೇ ಕೂಗಿದ್ದು ಇದಕ್ಕೆ.

ಶಾಟ್‌ಕಟ್ ಸಾಮಾನ್ಯವಾಗಿ ಇಂಟರ್ಲೇಸ್ಡ್ ಫೈಲನ್ನು ಗುರುತು ಹಿಡಿದು ತಾನೇ ಬಿಡಿಸುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಅಡ್ವಾನ್ಸ್ಡ್ ಭಾಗದಲ್ಲಿ ಡಿಇಂಟರ್ಲೇಸರ್ ಯಾವುದು ಎಂದು ಕೇಳುತ್ತದೆ. ‘ಒನ್ ಫೀಲ್ಡ್’ ಬೇಡ, ಅರ್ಧ ಸಾಲುಗಳನ್ನು ಎಸೆದುಬಿಡುತ್ತದೆ. ಯಾಡಿಫ್ ಆರಿಸಿ, ಹೊಸ ಆವೃತ್ತಿಯಲ್ಲಿ ಬಿಡಬ್ಲ್ಯುಡಿಫ್ ಇದ್ದರೆ ಅದು ಇನ್ನೂ ಒಳ್ಳೆಯದು. ಒಂದು ಎಚ್ಚರಿಕೆ: ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು, ಇಂಟರ್ಲೇಸ್ಡ್ ಎಂಟಿಎಸ್‌ನಲ್ಲಿ ಮೇಲಿನದು ಮೊದಲು. ಎಡಿಟರ್ ಇದನ್ನು ತಪ್ಪಾಗಿ ತಿಳಿದರೆ ಗೆರೆ ಕಾಣುವುದಿಲ್ಲ, ಆದರೆ ಓಡುವ ಮಗು ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಎಂಬಂತೆ ಅದುರುತ್ತದೆ. ಹಾಗೆ ಕಂಡರೆ ಕ್ಲಿಪ್‌ನ ಪ್ರಾಪರ್ಟೀಸ್‌ನಲ್ಲಿ ಫೀಲ್ಡ್ ಕ್ರಮ ಬದಲಿಸಿ ನೋಡಿ.

ತುಟಿ ಮಾತು ತಪ್ಪುವುದು ಮೊಬೈಲಿನ ದೋಷ. ಕ್ಯಾಮ್‌ಕಾರ್ಡರ್ ಗಡಿಯಾರದಂತೆ ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂದು ಬರೆಯುತ್ತದೆ. ಮೊಬೈಲು ಬೆಳಕು ಕಡಿಮೆಯಾದರೆ, ಬಿಸಿಯಾದರೆ, ಫ್ರೇಮ್ ಸಂಖ್ಯೆಯನ್ನು ಹೆಚ್ಚುಕಡಿಮೆ ಮಾಡುತ್ತದೆ. ಸ್ಥಿರವಾಗಿದೆ ಎಂದು ನಂಬಿದ ಎಡಿಟರಿನಲ್ಲಿ ಚಿತ್ರ ಒಂದು ದಾರಿ, ದನಿ ಒಂದು ದಾರಿ. ನಿಮ್ಮ ರಾಶಿಯಲ್ಲಿ ಮೊದಲೇ ಪರಿವರ್ತಿಸಬೇಕಾದ ಫೈಲುಗಳು ಇವು ಮಾತ್ರ. ಇಂಥ ಫೈಲು ಹಾಕಿದಾಗ ಶಾಟ್‌ಕಟ್ ತಾನೇ ಎಚ್ಚರಿಸಿ, ಎಡಿಟಿಂಗಿಗೆ ಹೊಂದುವ ಪ್ರತಿ ಮಾಡಿಕೊಡಲೇ ಎಂದು ಕೇಳುತ್ತದೆ, ಹೂಂ ಎನ್ನಿ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಕನ್ವರ್ಟರ್ ಬಳಸುವುದಾದರೆ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ, ಗುಣಮಟ್ಟದ ಆರ್‌ಎಫ್ ಅಂಕಿಯನ್ನು 16ರ ಆಸುಪಾಸಿಗೆ ತನ್ನಿ. ಅಂಕಿ ಇಳಿದಷ್ಟೂ ಚಿತ್ರ ಚೆನ್ನ, ಫೈಲು ದಪ್ಪ. ಐಫೋನ್‌ಗಳು 2017ರಿಂದೀಚೆಗೆ ಎಚ್‌ಇವಿಸಿ ಎಂಬ ಹೊಸ ಬಗೆಯಲ್ಲಿ ಬರೆಯುತ್ತವೆ, ಅದಕ್ಕೂ ಶಾಟ್‌ಕಟ್ ಸಾಕು, ವಿಂಡೋಸ್ ಸ್ಟೋರಿನಲ್ಲಿ ದುಡ್ಡು ಕೊಡಬೇಕಾಗಿಲ್ಲ. ಮತ್ತೆ, ನೆಂಟರಿಗೆ ವಿಡಿಯೊ ಕಳಿಸಿ ಎನ್ನುವಾಗ ವಾಟ್ಸ್ಆಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸುಮ್ಮನೆ ವಿಡಿಯೊ ಆಗಿ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡಿಕೊಡುತ್ತದೆ.

ಈಗ ಟೇಪು. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಇದೊಂದೇ. ಫೈಲುಗಳು ಹತ್ತು ವರ್ಷ ಬಿಟ್ಟೂ ಹೀಗೇ ಇರುತ್ತವೆ. ಟೇಪು ಇರುವುದಿಲ್ಲ, ಅದನ್ನು ಓಡಿಸುವ ಕ್ಯಾಮೆರಾ ಅದಕ್ಕಿಂತ ಮೊದಲೇ ಹೋಗುತ್ತದೆ. ಮಲೆನಾಡಿನ ಮಳೆಗಾಲ ಬೇರೆ. ಒಂದೊಂದು ಟೇಪಿನ ಕಿಟಕಿಯಲ್ಲೂ ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ, ಬೂಷ್ಟು ಕಂಡರೆ ಆ ಟೇಪನ್ನು ಕ್ಯಾಮೆರಾಕ್ಕೆ ಹಾಕಲೇಬೇಡಿ, ಟೇಪನ್ನು ಓದುವ ಹೆಡ್ಡಿಗೆ ಅಂಟಿ ಉಳಿದ ಟೇಪುಗಳಿಗೂ ಹರಡುತ್ತದೆ. ಅಂಥವನ್ನು ಬೇರೆ ಇಟ್ಟು, ಟೇಪು ಶುಚಿ ಮಾಡುವವರ ಕೈಗೆ ಕೊಡಿ. ಚೆನ್ನಾಗಿರುವವನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಪೂರ್ತಿ ಹಿಂದಕ್ಕೆ ಸುತ್ತಿಸಿ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಕೂತ ಸುರುಳಿಯ ಬಿಗಿ ಸಮವಾಗುತ್ತದೆ.

ಯುಎಸ್‌ಬಿಯಲ್ಲಿ ಫೋಟೊ ಮಾತ್ರ ಬಂದದ್ದು ಸಹಜ. ಮಿನಿ ಡಿವಿ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳಲ್ಲಿ ಯುಎಸ್‌ಬಿ ಇದ್ದದ್ದು ಮೆಮೊರಿ ಕಾರ್ಡಿನ ಫೋಟೊಗಳಿಗೆ. ಟೇಪಿನ ವಿಡಿಯೊ ಹೊರಬರುವ ಬಾಗಿಲು ಬೇರೆ, ಅದು ಯಾವುದೋ ರಬ್ಬರ್ ಮುಚ್ಚಳದ ಹಿಂದೆ ಅಡಗಿರುವ ನಾಲ್ಕು ಪಿನ್ನಿನ ಚಿಕ್ಕ ಕಿಂಡಿ. ಆಪಲ್ ಅದನ್ನು ಫೈರ್‌ವೈರ್ ಎಂದು ಕರೆಯಿತು, ಸೋನಿ ಐಲಿಂಕ್ ಎಂದಿತು, ಕಾಗದಪತ್ರದಲ್ಲಿ ಅದು ಐಇಇಇ 1394, ಎಷ್ಟೋ ಕ್ಯಾಮೆರಾಗಳ ಮೇಲೆ ಬರೀ ‘ಡಿವಿ’ ಎಂದು ಬರೆದಿರುತ್ತದೆ. ನಿಮ್ಮದು ಡೆಸ್ಕ್‌ಟಾಪ್ ಆಗಿರುವುದು ಭಾಗ್ಯ: ಒಂದು ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ತಂದು ಒಳಗೆ ಸಿಕ್ಕಿಸಿದರಾಯಿತು. ಬೆಂಗಳೂರಿಗೆ ಹೋಗುವವರಿದ್ದರೆ ಎಸ್‌ಪಿ ರೋಡಿನಲ್ಲಿ ವಿಚಾರಿಸಲು ಹೇಳಿ, ಇಲ್ಲವೆ ಆನ್‌ಲೈನ್‌ನಲ್ಲಿ ನೋಡಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಕಾರ್ಡ್ ಸಿಕ್ಕರೆ ಅದನ್ನೇ ಕೊಳ್ಳಿ. ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಅಗ್ಗದ ಕೇಬಲ್ ಕೊಡಲು ಬರುತ್ತಾರೆ, ಕೊಳ್ಳಬೇಡಿ. ಅದು ಕೆಲಸ ಮಾಡುವುದಿಲ್ಲ, ಮಾಡಲು ಸಾಧ್ಯವೂ ಇಲ್ಲ. ಎರಡು ಕಡೆಯ ಭಾಷೆಯೇ ಬೇರೆ, ತಂತಿ ಜೋಡಿಸಿದ ಮಾತ್ರಕ್ಕೆ ತರ್ಜುಮೆ ಆಗುವುದಿಲ್ಲ.

ಕೇಬಲ್ ಸಿಕ್ಕಿಸುವಾಗ ಕಂಪ್ಯೂಟರ್, ಕ್ಯಾಮೆರಾ ಎರಡೂ ಆಫ್ ಆಗಿರಲಿ. ಕಂಪ್ಯೂಟರ್ ಕಡೆಯ ಆರು ಪಿನ್ನಿನ ಕಿಂಡಿಯಲ್ಲಿ ಕರೆಂಟು ಹರಿಯುತ್ತದೆ, ಪ್ಲಗ್ಗನ್ನು ತಿರುಗಾಮುರುಗಾ ತುರುಕಿದರೆ ಕ್ಯಾಮೆರಾದ ಕಿಂಡಿ ಸುಟ್ಟುಹೋಗುತ್ತದೆ. ಅವಸರದಲ್ಲಿ ಒಮ್ಮೆ ಸುಟ್ಟವನು ನಾನು. ಕ್ಯಾಮೆರಾ ಮತ್ತೆಲ್ಲ ಚೆನ್ನಾಗಿತ್ತು, ಆ ಒಂದು ಕಿಂಡಿ ಸತ್ತಿತ್ತು, ಅದೊಂದೇ ಬೇಕಾಗಿದ್ದದ್ದು. ವಿಂಡೋಸ್ 10ರಲ್ಲಿ ಕಾರ್ಡು ಕಂಡರೂ ಕ್ಯಾಮೆರಾ ಕಾಣದಿದ್ದರೆ ಮೈಕ್ರೋಸಾಫ್ಟೇ ಕೊಡುವ ‘1394 ಓಎಚ್‌ಸಿಐ ಲೆಗಸಿ’ ಡ್ರೈವರ್ ಹಾಕಿ ನೋಡಿ. ಬಹಳ ಸಲ ಅದರಿಂದಲೇ ಸರಿಹೋಗುತ್ತದೆ. ಕ್ಯಾಮೆರಾವನ್ನು ಬ್ಯಾಟರಿಯಲ್ಲಿ ಓಡಿಸದೆ ಅಡಾಪ್ಟರ್ ಹಾಕಿ, ಪ್ಲೇ ಅಥವಾ ವಿಸಿಆರ್ ಸ್ಥಿತಿಗೆ ತನ್ನಿ.

ಟೇಪಿನಿಂದ ಇಳಿಸಿಕೊಳ್ಳಲು ವಿನ್‌ಡಿವಿ ಎಂಬ ಹಳೆಯ ಉಚಿತ ಸಾಫ್ಟ್‌ವೇರ್ ಸಾಕು, ಎವಿಐ ಟೈಪ್ 2 ಆರಿಸಿ. ಗಮನಿಸಿ, ಇಲ್ಲಿ ಪರಿವರ್ತನೆ ನಡೆಯುವುದೇ ಇಲ್ಲ. 1995ರಲ್ಲಿ ಬಂದ ಡಿವಿ ಪದ್ಧತಿಯಲ್ಲಿ ಟೇಪಿನ ಮೇಲೆ ಇರುವುದೇ ಅಂಕಿಗಳು, ಅವು ಇದ್ದ ಹಾಗೇ ಡಿಸ್ಕಿಗೆ ಇಳಿಯುತ್ತವೆ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆ, ಅವಸರ ಮಾಡಲು ದಾರಿಯಿಲ್ಲ. ಗಂಟೆಗೆ ಸುಮಾರು 13 ಜಿಬಿ, ನಿಮ್ಮ 14 ಟೇಪಿಗೆ ಸುಮಾರು 182 ಜಿಬಿ. ಎಕ್ಸ್‌ಟರ್ನಲ್ ಡಿಸ್ಕಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿರಬೇಕು, ಫ್ಯಾಟ್32 ಆದರೆ 4 ಜಿಬಿ ಮೀರಿದ ಫೈಲನ್ನು ಅದು ಒಪ್ಪುವುದಿಲ್ಲ. ಇನ್ನೊಂದು ಸಂತೋಷದ ವಿಷಯ: ಕ್ಯಾಮೆರಾದ ಗಡಿಯಾರ ಸರಿಯಿದ್ದರೆ, ಪ್ರತಿ ದೃಶ್ಯ ತೆಗೆದ ದಿನಾಂಕ, ಗಂಟೆ, ನಿಮಿಷ ಡಿವಿ ಅಂಕಿಗಳೊಳಗೇ ಅಡಗಿರುತ್ತದೆ. ವಿನ್‌ಡಿವಿ ಅದನ್ನು ಓದಿ ದೃಶ್ಯಗಳನ್ನು ಬೇರೆಬೇರೆ ಫೈಲು ಮಾಡಿ, ಹೆಸರಿನಲ್ಲೇ ದಿನಾಂಕ ಬರೆಯಬಲ್ಲದು. ಯಾರ ಉಪನಯನ ಮೊದಲಾಯಿತು, ಯಾವ ವರ್ಷ ಅಜ್ಜಿ ಇನ್ನೂ ಓಡಾಡುತ್ತಿದ್ದರು ಎಂದು ಮನೆಯಲ್ಲಿ ವಾದ ನಡೆಯುತ್ತದಲ್ಲ, ಅದು ತೀರ್ಮಾನವಾಗುತ್ತದೆ. ಹಳದಿ, ಕೆಂಪು, ಬಿಳಿ ವೈರಿನ ಯುಎಸ್‌ಬಿ ಕ್ಯಾಪ್ಚರ್ ಸಾಧನದಿಂದ ಇಳಿಸಿಕೊಂಡರೆ ಈ ದಿನಾಂಕಗಳು ಬರುವುದಿಲ್ಲ, ಚಿತ್ರವೂ ಒಂದು ಸುತ್ತು ಮಂಕಾಗುತ್ತದೆ. ಡಿವಿ ಕಿಂಡಿ ಕೆಟ್ಟಿದ್ದರೆ ಮಾತ್ರ ಆ ದಾರಿ.

ಓಡುವಾಗ ಚಿತ್ರದಲ್ಲಿ ಅಲ್ಲಲ್ಲಿ ಚೌಕ ಚೌಕ ಚೂರು ಕಂಡರೆ ಒಣ ಕ್ಲೀನಿಂಗ್ ಟೇಪನ್ನು ಕೆಲವೇ ಸೆಕೆಂಡು ಓಡಿಸಿ, ಮತ್ತೆ ಪ್ರಯತ್ನಿಸಿ. ಎಲ್‌ಪಿ ಸ್ಥಿತಿಯಲ್ಲಿ, ಅಂದರೆ 60 ನಿಮಿಷದ ಟೇಪಿಗೆ 90 ನಿಮಿಷ ತುಂಬಿದ್ದರೆ, ತೆಗೆದ ಕ್ಯಾಮೆರಾದಲ್ಲೇ ಓಡಿಸುವುದು ಕ್ಷೇಮ, ಬೇರೆಯದರಲ್ಲಿ ಹಲವು ಸಲ ಓಡುವುದಿಲ್ಲ.

ಇದೆಲ್ಲ ಬೇಡವೆಂದು ಯಾವುದಾದರೂ ಸ್ಟುಡಿಯೊಗೆ ಕೊಡುವುದಾದರೆ ಒಂದೇ ಮಾತು ಹೇಳಿ: ‘ಡಿವಿ ಎವಿಐ ಆಗಿಯೇ ಹಾರ್ಡ್ ಡಿಸ್ಕಿಗೆ ಹಾಕಿಕೊಡಿ.’ ಸುಮ್ಮನೆ ಕೊಟ್ಟರೆ ಡಿವಿಡಿ ಮಾಡಿಕೊಡುತ್ತಾರೆ. 26 ಜಿಬಿಯ ಎರಡು ಟೇಪನ್ನು 4.7 ಜಿಬಿಯ ತಟ್ಟೆಗೆ ತುರುಕಿದರೆ ಏನು ಉಳಿಯುತ್ತದೆ, ಲೆಕ್ಕ ಹಾಕಿ.

ತಮ್ಮನ ಎಂಟಿಎಸ್ ವಿಷಯಕ್ಕೆ ಬರೋಣ. ಇದು ಸೋನಿ, ಪ್ಯಾನಸೋನಿಕ್ ಕೂಡಿ 2006ರಲ್ಲಿ ತಂದ ಎವಿಸಿಎಚ್‌ಡಿ ಪದ್ಧತಿ. ತಮ್ಮನಿಗೆ, ಬರೀ ಎಂಟಿಎಸ್ ಫೈಲುಗಳನ್ನು ಆರಿಸಿ ಕಳಿಸಬೇಡ, ಕಾರ್ಡಿನಲ್ಲಿರುವ ಫೋಲ್ಡರನ್ನು ಇಡಿಯಾಗಿ ಕಳಿಸು ಎಂದು ಹೇಳಿ. ಉದ್ದನೆಯ ರೆಕಾರ್ಡಿಂಗ್‌ಗಳನ್ನು ಕ್ಯಾಮೆರಾ 2 ಅಥವಾ 4 ಜಿಬಿಗೊಮ್ಮೆ ಕತ್ತರಿಸಿರುತ್ತದೆ. ತುಂಡುಗಳನ್ನು ಎಡಿಟರಿನಲ್ಲಿ ಪಕ್ಕಪಕ್ಕ ಇಟ್ಟರೆ ಜೋಡಣೆಯಲ್ಲಿ ದನಿ ಟಕ್ ಎನ್ನುತ್ತದೆ, ಮಂತ್ರವೋ ಹಾಡೋ ನಡೆಯುತ್ತಿದ್ದರೆ ಎದ್ದು ಕಾಣುತ್ತದೆ. ಮೊದಲು ಟಿಎಸ್‌ಮಕ್ಸರ್ ಎಂಬುದರಲ್ಲಿ ತುಂಡುಗಳನ್ನು ಕ್ರಮವಾಗಿ ಬೆಸೆದುಕೊಳ್ಳಿ. ಇದೂ ಪರಿವರ್ತನೆಯಲ್ಲ, ಡಬ್ಬಿ ಬದಲಿಸುವುದು ಮಾತ್ರ, ನಿಮಿಷಗಳಲ್ಲಿ ಮುಗಿಯುತ್ತದೆ.

ಆದರೆ ಅಮೆರಿಕದ ಕ್ಯಾಮೆರಾ ಸೆಕೆಂಡಿಗೆ 60 ಫೀಲ್ಡ್ ಬರೆಯುತ್ತದೆ, ನಮ್ಮದು 50. ಎರಡನ್ನೂ ಒಂದೇ ಚಿತ್ರದಲ್ಲಿ ಸೇರಿಸಿದರೆ ಯಾವುದಾದರೂ ಒಂದು ತುಸು ಕುಂಟಲೇಬೇಕು. ನಿಮ್ಮಲ್ಲಿ ನಮ್ಮ ಕಡೆಯದೇ ಹೆಚ್ಚಿರುವುದರಿಂದ 50ಕ್ಕೆ ಇಡಿ, ತಮ್ಮನ ಭಾಗ ಕುಂಟಲಿ. ನೂರರಲ್ಲಿ ಒಬ್ಬರಿಗೆ ಗೊತ್ತಾದರೆ ಹೆಚ್ಚು. ತಮ್ಮ ಆ ಕ್ಯಾಮೆರಾವನ್ನು ಊರಿಗೆ ತಂದಾಗ ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದದ್ದು ಮಿಣಮಿಣ ಎನ್ನುತ್ತಿದ್ದರೆ, ಅದು ಫೈಲಿನ ದೋಷವಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಅಲ್ಲಿಯದು 60, ಕ್ಯಾಮೆರಾದ ಶಟರ್ ಅಲ್ಲಿಯ ಲಯದಲ್ಲೇ ತೆರೆದು ಮುಚ್ಚಿದೆ. ಈಗ ಮಾಡುವುದಕ್ಕೆ ಹೆಚ್ಚೇನಿಲ್ಲ, ಅಂಥ ದೃಶ್ಯಗಳನ್ನು ಚಿಕ್ಕದಾಗಿ ಬಳಸಿ.

ಒಟ್ಟು ಚಿತ್ರದ ಅಳತೆ 1920 ಅಗಲ, 1080 ಎತ್ತರ, ಸೆಕೆಂಡಿಗೆ 50 ಫ್ರೇಮ್ ಇರಲಿ. 25 ಇಟ್ಟರೆ ಹಳೆಯ ಟೇಪಿನ 50 ಫೀಲ್ಡ್‌ಗಳ ಅರ್ಧ ಚಲನೆ ಹೋಗುತ್ತದೆ. ಮಾತಾಡುತ್ತಾ ಕೂತವರಿಗೆ ನಡೆದೀತು, ಕುಣಿತ ಇದ್ದರೆ ಸಪ್ಪೆ. ಕಂಪ್ಯೂಟರ್ ತೀರಾ ಏದುಸಿರು ಬಿಟ್ಟರೆ ಮಾತ್ರ 25ಕ್ಕೆ ಇಳಿಸಿ.

ಏದುಸಿರು ಎಂದಾಗ ಹೊಸ ಕಂಪ್ಯೂಟರಿನ ಮಾತು. ಟೇಪಿನ ಡಿವಿ ಫೈಲು ಗಾತ್ರದಲ್ಲಿ ದೊಡ್ಡದಾದರೂ ಎಡಿಟಿಂಗಿನಲ್ಲಿ ಬೆಣ್ಣೆಯಂತೆ ಓಡುತ್ತದೆ, ಚಿಕ್ಕದಾದ ಎಂಟಿಎಸ್ ಕುಂಟುತ್ತದೆ. ಎಷ್ಟೋ ಜನಕ್ಕೆ ಇದು ಒಗಟು. ಡಿವಿಯಲ್ಲಿ ಪ್ರತಿ ಫ್ರೇಮೂ ತಾನೇ ಪೂರ್ಣ. ಎಂಟಿಎಸ್, ಎಂಓಡಿ, ಮೊಬೈಲಿನವು ಹಾಗಲ್ಲ, ಅವು ಶ್ಯಾನುಭೋಗರ ಹಳೆಯ ಲೆಕ್ಕದ ಪುಸ್ತಕದಂತೆ. ಮೊದಲ ಸಾಲಿನಲ್ಲಿ ಹೆಸರು, ಊರು ಎಲ್ಲ ಬರೆದು, ಮುಂದಿನ ಸಾಲುಗಳಲ್ಲಿ ‘ಸದರಿ, ಸದರಿ, ಮೊತ್ತ ಮಾತ್ರ ಬೇರೆ’ ಎಂದು ಬರೆದ ಹಾಗೆ ಒಂದು ಫ್ರೇಮ್ ಪೂರ್ತಿ, ಮುಂದಿನ ಹತ್ತಾರು ಫ್ರೇಮ್‌ಗಳಲ್ಲಿ ಬದಲಾದದ್ದಷ್ಟೇ. ಸುಮ್ಮನೆ ನೋಡುವಾಗ ತೊಂದರೆಯಿಲ್ಲ. ಎಡಿಟಿಂಗಿನಲ್ಲಿ ನೀವು ಹನ್ನೊಂದನೆಯ ಸಾಲಿಗೆ ಹಾರಿದರೆ, ಅದರ ಅರ್ಥ ತಿಳಿಯಲು ಕಂಪ್ಯೂಟರ್ ಮೊದಲ ಸಾಲಿಗೆ ಓಡಿ ಅಲ್ಲಿಂದ ಓದಿಕೊಂಡು ಬರಬೇಕು, ನೀವು ಮೌಸ್ ಅಲ್ಲಾಡಿಸಿದಾಗಲೆಲ್ಲ. ಈ ಓಡಾಟ ತಪ್ಪಿಸಲು ಶಾಟ್‌ಕಟ್‌ನಲ್ಲಿ ಪ್ರಾಕ್ಸಿ ಆನ್ ಮಾಡಿ. ಅದು ಪ್ರತಿ ಕ್ಲಿಪ್ಪಿಗೂ ಚಿಕ್ಕ ಹಗುರ ಪ್ರತಿಯೊಂದನ್ನು ಮಾಡಿಟ್ಟುಕೊಂಡು, ನೀವು ಕತ್ತರಿಸುವಾಗ ಅದನ್ನು ತೋರಿಸುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಮೂಲದಿಂದಲೇ ತೆಗೆದುಕೊಳ್ಳುತ್ತದೆ. ರಾತ್ರಿ ಮಲಗುವ ಮುನ್ನ ಹಚ್ಚಿಟ್ಟರೆ ಬೆಳಗ್ಗೆ ಸಿದ್ಧ. ಆದ್ದರಿಂದ ಹೊಸ ಕಂಪ್ಯೂಟರ್ ಬೇಡ. ಆ ದುಡ್ಡಿನ ಚೂರು ಭಾಗದಲ್ಲಿ ಎರಡು 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಕೊಳ್ಳಿ. ಮೂಲಗಳ ಒಂದೊಂದು ಪ್ರತಿ ಎರಡರಲ್ಲೂ ಇರಲಿ. ಎರಡನ್ನೂ ಒಂದೇ ಬೀರುವಿನಲ್ಲಿ ಇಡಬೇಡಿ, ಒಂದು ಅಕ್ಕನ ಮನೆಯಲ್ಲೋ ತಮ್ಮನ ಹತ್ತಿರವೋ ಇರಲಿ.

ಕೊನೆಯ ಎಕ್ಸ್‌ಪೋರ್ಟ್ ಎಚ್.264 ಚಿತ್ರ, ಎಎಸಿ ದನಿ, ಎಂಪಿ4 ಡಬ್ಬಿ. ನೀವು ಎಲ್ಲಕ್ಕೂ ಮೊದಲು ಮಾಡಿದ ಆ ಪರಿವರ್ತನೆಗೆ ಸರಿಯಾದ ಜಾಗ ಇದು, ಕೊನೆ, ಒಂದೇ ಸಲ. ಸೆಕೆಂಡಿಗೆ 10 ಮೆಗಾಬಿಟ್ ಇಟ್ಟರೆ 40 ನಿಮಿಷಕ್ಕೆ ಸುಮಾರು 3 ಜಿಬಿ ಆಗುತ್ತದೆ, ಫ್ಯಾಟ್32 ಪೆನ್‌ಡ್ರೈವ್‌ನಲ್ಲೂ ಹಿಡಿಯುತ್ತದೆ. ಶಾಂತಿಯ ಹಿಂದಿನ ಸಂಜೆಯೇ ಛತ್ರದ ಟಿವಿಗೋ ಪ್ರೊಜೆಕ್ಟರಿಗೋ ಹಾಕಿ ಮೊದಲ ಐದು ನಿಮಿಷ ನೋಡಿ, ದನಿ ಹಿಂದಿನ ಸಾಲಿಗೆ ಕೇಳುತ್ತದೆಯೇ ಎಂದೂ ನೋಡಿ. ಕೆಲವು ಟಿವಿಗಳು 50 ಫ್ರೇಮಿನ ಫೈಲಿಗೆ ಮುನಿಸಿಕೊಳ್ಳುತ್ತವೆ, ಹಾಗಾಗಿ 25ರದ್ದೂ ಒಂದು ಪ್ರತಿ ಜೇಬಿನಲ್ಲಿರಲಿ.

ಇವತ್ತು ಸಂಜೆ ಮಾಡಬೇಕಾದದ್ದು ಮಾತ್ರ ಟೇಪುಗಳನ್ನು ಬೆಳಕಿಗೆ ಹಿಡಿದು ನೋಡುವುದು. ಹದಿನಾಲ್ಕರಲ್ಲಿ ಎಷ್ಟಕ್ಕೆ ಬೂಷ್ಟು ಹಿಡಿದಿದೆ ಎಂದು ಬರೆಯಿರಿ. ಅದು ತಿಳಿದರೆ ಮುಂದಿನ ದಾರಿ ಹೇಳುತ್ತೇನೆ.